ಟಿಕೀಟು ತೆಗೆದು ನೋಡಿದ ಎಮ್ಮೆ

ವೀಕೆಂಡು ಅನ್ನುವುದು ರಾಣೆಬೆನ್ನೂರಿನ ಪಕ್ಕದಲ್ಲಿ ಹಾದು ಹೋಗುತ್ತದೆ, ಇಲ್ಲಿ ಇಳಿಯುವುದಿಲ್ಲ. ಶನಿವಾರ ಬೆಂಗಳೂರಿನ ಕಾರುಗಳು ಹೆದ್ದಾರಿ ಹಿಡಿದು ಹುಬ್ಬಳ್ಳಿ ದಾಟಿ ಗೋವಾ ಅಂತ ಓಡುತ್ತವೆ. ರವಿವಾರ ಸಂಜೆ ಅವೇ ಕಾರುಗಳು ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ಮಲಗಿದ ಮಕ್ಕಳನ್ನು ಹೊತ್ತು ವಾಪಸು ಬರುತ್ತವೆ. ಈ ನಡುವೆ ನಮ್ಮೂರಲ್ಲಿ ಶನಿವಾರ ಮಕ್ಕಳಿಗೆ ಅರ್ಧ ದಿನ ಸಾಲಿ, ಅಂಗಡಿಯವರಿಗೆ ಪೂರ್ತಿ ದಿನ ಅಂಗಡಿ, ಬೀಜದ ಕಂಪನಿಯವರಿಗೆ ಮುಂಗಾರು ಹತ್ತಿರ ಬಂದರೆ ರಾತ್ರಿಯೂ ಕೆಲಸ. ಉಳಿಯುವುದು ರವಿವಾರ. ಅದರಲ್ಲಿ ಲಗ್ನ, ಜವಳ, ಮನೆ ಒಕ್ಕಲು, ಅಮಾಸಿ ಇಷ್ಟನ್ನೂ ಕಳೆದರೆ ಖಾಲಿ ರವಿವಾರ ಸಿಗುವುದು ಆಷಾಢದಲ್ಲಿ. ಆಗ ಮಳೆ.

ಆದರೂ ಮಕ್ಕಳಿರುವ ಮನೆಯಲ್ಲಿ 'ಎಲ್ಲೆರ ಹೋಗೂಣು' ಅನ್ನುವ ಕೂಗು ಏಳದೆ ಇರುವುದಿಲ್ಲ. ನಮ್ಮಲ್ಲಿ ಅದು ಏಳುವುದು ರೊಟ್ಟಿ ತಾಟಿನ ಮುಂದೆ. ಕಾಕಾನ ಮಗ ದಾಂಡೇಲಿ ಅಂದ. ಅವನ ತಂಗಿ ವಾಟರ್ ಪಾರ್ಕು ಅಂದಳು. ಚಿಗವ್ವ ಧರ್ಮಸ್ಥಳ ಅಂದಳು. ಆಕೆ ಯಾವ ಪ್ರಶ್ನೆಗಾದರೂ ಧರ್ಮಸ್ಥಳ ಅನ್ನುತ್ತಾಳೆ. ನಾನು ಸಣ್ಣ ದನಿಯಲ್ಲಿ, ನಮ್ಮ ಜಿಲ್ಲೆಯಲ್ಲೇ ನೋಡುವಂಥದ್ದು ಬೇಕಾದಷ್ಟಿದೆಯಲ್ಲ ಅಂದೆ. ಯಾರೂ ಜಗಳಕ್ಕೂ ಬರಲಿಲ್ಲ. ಚಟ್ನಿ ಕೇಳಿದರು.

ಅವರದೇನೂ ತಪ್ಪಿಲ್ಲ. ಟೂರು ಅನ್ನಿಸಿಕೊಳ್ಳಬೇಕಾದರೆ ಒಂದು ಜಾಗಕ್ಕೆ ಕೆಲವು ಯೋಗ್ಯತೆಗಳು ಬೇಕು. ಹಾದಿಯಲ್ಲಿ ಒಬ್ಬರಾದರೂ ವಾಂತಿ ಮಾಡುವಷ್ಟು ದೂರವಿರಬೇಕು. ಅಲ್ಲಿ ಹೋದಮೇಲೆ 'ಇಷ್ಟ ಏನ?' ಅಂತ ಬೇಜಾರಾಗುವಷ್ಟು ಖರ್ಚಾಗಿರಬೇಕು. ಎಲ್ಲಕ್ಕಿಂತ ಮುಖ್ಯ, ಅಲ್ಲಿ ನಮ್ಮ ಬೀಗರು ಬಿಜ್ಜರು ಇರಬಾರದು. ಈ ಕೊನೆಯ ಷರತ್ತಿನಲ್ಲಿ ಹೆಚ್ಚುಕಡಿಮೆ ಇಡೀ ಹಾವೇರಿ ಜಿಲ್ಲೆ ನಪಾಸಾಗುತ್ತದೆ.

ಚೌಡಯ್ಯದಾನಪುರವನ್ನೇ ತೆಗೆದುಕೊಳ್ಳಿ. ತುಂಗಭದ್ರೆಯ ದಂಡೆ, ಚಾಲುಕ್ಯರ ಕಾಲದ ಕೆತ್ತನೆಯ ಮುಕ್ತೇಶ್ವರ ಗುಡಿ, ಪಕ್ಕದಲ್ಲೇ ಅಂಬಿಗರ ಚೌಡಯ್ಯನ ನೆನಪು. ಅಲ್ಲಿಂದ ಮುಂದೆ ಗಳಗನಾಥಕ್ಕೆ ಹೋದರೆ ವರದಾ ನದಿ ಬಂದು ತುಂಗಭದ್ರೆಗೆ ಸೇರುವ ಜಾಗ. ಬೇರೆ ಯಾವ ಊರಿನವರಾದರೂ ಇದಕ್ಕೆ ಎರಡು ದಿನದ ಪ್ಯಾಕೇಜು ಮಾಡಿ ಮಾರುತ್ತಿದ್ದರು. ಆದರೆ ಹಾದಿಯಲ್ಲಿ ಗುತ್ತಲ ಇದೆ, ಗುತ್ತಲದಲ್ಲಿ ದೊಡ್ಡವ್ವನ ಮಗಳಿದ್ದಾಳೆ. ಹೇಳದೆ ದಾಟಿ ಹೋಗೋಣ ಅಂದರೆ, ನಮ್ಮ ಕ್ರೂಸರಿನ ಡ್ರೈವರು ಆಕೆಯ ಗಂಡನ ಗೆಳೆಯ. ಒಳಗೆ ಹೋದರೆ ಮೊದಲು ಉಪ್ಪಿಟ್ಟು, ಆಮೇಲೆ ಚಾ, 'ಇನ್ನೇನ್ ಊಟದ ಹೊತ್ತಾತು' ಅಂತ ಹೋಳಿಗೆ, ಹೊರಡುವಾಗ ಹೆಣ್ಣುಮಕ್ಕಳಿಗೆಲ್ಲ ಕುಬಸದ ಕಣ. ಗುಡಿ ಮುಟ್ಟುವಾಗ ಹೊತ್ತು ಮುಳುಗಿರುತ್ತದೆ. ನಮ್ಮ ಜಿಲ್ಲೆಯ ಶಿಲ್ಪಕಲೆಯನ್ನು ನಮ್ಮ ಜನ ನೋಡುವುದಿಲ್ಲ ಅಂತ ಭಾಷಣದಲ್ಲಿ ಕೊರಗುವವರು ಅಭಿಮಾನವಿಲ್ಲ ಎನ್ನುತ್ತಾರೆ. ಅಭಿಮಾನ ಇದೆ ಸ್ವಾಮಿ, ಉಪ್ಪಿಟ್ಟು ಅಡ್ಡ ಬರುತ್ತದೆ.

"ಹಂಗಾರ ಚಿಗರಿ ನೋಡಾಕ ಹೋಗೂಣೇನು?" ಅಂತ ಮಕ್ಕಳನ್ನು ಕೇಳಿದೆ.

"ಅದ್ರಾಗ ಎಸಿ ಇರತೈತಿ!" ಅಂತ ಸಣ್ಣವ ಕುಣಿದ.

ಅವನು ಕಂಡ ಚಿಗರಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಓಡುವ ಬಸ್ಸು. ಮೈಯೆಲ್ಲ ಕಪ್ಪಾಗಿ, ಹೊಟ್ಟೆ ಬೆಳ್ಳಗಿದ್ದು, ತಿರುಪಿನಂಥ ಕೋಡು ಹೊತ್ತು ನೆಗೆಯುವ ನಿಜವಾದ ಚಿಗರಿಗೆ, ಅಂದರೆ ಕೃಷ್ಣಮೃಗಕ್ಕೆಂದೇ ಅವನ ಊರಿನ ಹೆಸರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯ 1974ರಿಂದ ಇದೆ ಅಂದರೆ ಅವನು ನಂಬಲಿಲ್ಲ. ಫೋಟೋ ತೋರಿಸಿದೆ. "ಇದು ಆಫ್ರಿಕಾ" ಅಂದ. ಕಾಕಾನ ತಕರಾರೇ ಬೇರೆ. "ಅವನ್ನ ನೋಡಾಕ ಅಡವಿಗ್ಯಾಕ ಹೋಗಬೇಕು? ಅವು ಬಯಲಾಗ ಓಡೂ ಪ್ರಾಣಿ, ನೀಲಗಿರಿ ಗಿಡದಾಗ ಏನ್ ಮಾಡ್ಯಾವು? ಶೇಂಗಾ ಎದ್ದಾಗ ಹೊಲಕ್ಕ ಬಾ, ಅವ ನಿನ್ನ ನೋಡಾಕ ಬಂದಿರ್ತಾವ." ಹೊಲದವನಿಗೆ ಪ್ರವಾಸೋದ್ಯಮದ ಪಾಠ ಹೇಳುವ ಧೈರ್ಯ ನನಗಿಲ್ಲ. ಬೆಳೆ ತಿಂದು ಹೋದದ್ದರ ಲೆಕ್ಕ ಅವನ ಹತ್ತಿರ ಇದೆ.

ಬ್ಯಾಡಗಿ ನನ್ನ ಕೊನೆಯ ಅಸ್ತ್ರವಾಗಿತ್ತು. ಮಕ್ಕಳಿಗೆ ಮೆಣಸಿನಕಾಯಿ ಮಾರುಕಟ್ಟೆಗಿಂತ ಮಜಾ ಎಲ್ಲಿದೆ? ಗೇಟಿನೊಳಗೆ ಕಾಲಿಡುವ ಮೊದಲೇ ಸೀನು. ಕಣ್ಣು ಹಾಯಿಸಿದಷ್ಟೂ ಕೆಂಪು ಚೀಲ. ಕಾಯಿ ಸುಕ್ಕು, ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಸೂಚಕದ ಮುದ್ರೆಯೂ ಬಿದ್ದಿದೆ. ಅದರಿಂದ ತೆಗೆದ ಕೆಂಪು ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ ಅಂದಾಗ ಕಾಕಾನ ಮಗಳು ಮೊದಲ ಸಲ ಮೊಬೈಲಿನಿಂದ ತಲೆ ಎತ್ತಿದಳು. ಆದರೆ ಅಲ್ಲಿ ಜೋರು ವ್ಯಾಪಾರ ನಡೆಯುವುದು ಸೋಮವಾರ, ಗುರುವಾರ. ರವಿವಾರ ಹೋದರೆ ಬೀಗ ನೋಡಿ ಬರಬೇಕು. ದೇವರಗುಡ್ಡದ ಕಥೆಯೂ ಅಷ್ಟೇ. ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುವುದು ದಸರೆಯಲ್ಲಿ. ತುಂಗಭದ್ರೆಯ ಎದುರು ದಂಡೆಯ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ. ಇವರ್ಯಾರೂ ಕ್ಯಾಲೆಂಡರಿನ ಕೆಂಪು ಅಂಕಿ ನೋಡಿ ತಾರೀಖು ಇಟ್ಟವರಲ್ಲ. ಶನಿವಾರ ರವಿವಾರಕ್ಕೆ ಹೊಂದುವಂತೆ ಹುಣ್ಣಿಮೆಯನ್ನು ಜರುಗಿಸಲು ಇನ್ನೂ ಯಾರಿಂದಲೂ ಆಗಿಲ್ಲ.

ಕಡೆಗೆ ಗೆದ್ದದ್ದು ಗೊಟಗೋಡಿಯ ಉತ್ಸವ್ ರಾಕ್ ಗಾರ್ಡನ್. ಶಿಗ್ಗಾವಿ ತಾಲೂಕು, ಹೆದ್ದಾರಿಗೆ ಹತ್ತಿದಂತೇ ಇದ್ದರೂ ವಾಂತಿಗೆ ಸಾಕಾಗುವಷ್ಟು ದೂರ ಇದೆ, ಟಿಕೀಟು ಇದೆ, ಸುತ್ತಮುತ್ತ ನಮ್ಮ ನೆಂಟರಿಲ್ಲ. ಮೂರೂ ಷರತ್ತು ಪಾಸು. ಬೆಳಗ್ಗೆ ಆರಕ್ಕೆ ಬಿಡಬೇಕಾದ ಕ್ರೂಸರು ಒಂಬತ್ತಕ್ಕೆ ಬಿಟ್ಟಿತು. ಕ್ರೂಸರಿನಲ್ಲಿ ಎಷ್ಟು ಜನ ಹಿಡಿಸುತ್ತಾರೆ ಅನ್ನುವುದು ಮಕ್ಕಳನ್ನು ಲೆಕ್ಕಕ್ಕೆ ಹಿಡಿಯುತ್ತೀರೋ ಇಲ್ಲವೋ ಅನ್ನುವುದರ ಮೇಲೆ ಹೋಗುತ್ತದೆ. ನಾವು ಹಿಡಿಯುವುದಿಲ್ಲ. ಬುತ್ತಿಯನ್ನು ಮಾತ್ರ ಹಿಡಿಯುತ್ತೇವೆ: ಕಟಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರನ್ನ ಇವು ಕಿಟಕಿ ಪಕ್ಕ ಗಾಳಿಗೆ ಕೂತವು. ಅಜ್ಜಿ ನಡುವೆ ಕೂತಳು. ಬಂಕಾಪುರ ಬಂದಾಗ, ಇಲ್ಲಿ ಕೋಟೆಯೊಳಗೆ ನವಿಲುಧಾಮ ಇದೆ, ನಗರೇಶ್ವರ ಗುಡಿಯ ಕಂಬಗಳನ್ನು ನೋಡಿ ಹೋಗೋಣ ಅಂದೆ. ಮಟಮಟ ಮಧ್ಯಾಹ್ನ ಯಾವ ನವಿಲು ನಮಗಾಗಿ ಬಯಲಿಗೆ ಬಂದು ನಿಲ್ಲುತ್ತದೆ? ಕೂಗು ಕೇಳಿದೆವು ಅಂತ ಹೇಳಿಕೊಂಡರಾಯಿತು ಅಂತ ಗಾಡಿ ಮುಂದೆ ಬಿಟ್ಟರು.

ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಈ ಲೋಕವನ್ನು ನೋಡದವರಿಗೆ ಹೇಳಬೇಕು. ನಮ್ಮ ಭಾಗದ ಹಳ್ಳಿಯೊಂದನ್ನು ಆಳೆತ್ತರದಲ್ಲಿ ಸಿಮೆಂಟಿನಲ್ಲಿ ಎರಕ ಹೊಯ್ದು ನಿಲ್ಲಿಸಿದ್ದಾರೆ. ಕಮ್ಮಾರ, ಕುಂಬಾರ, ಹಾಲು ಹಿಂಡುವವಳು, ಕಟ್ಟೆ ಮೇಲೆ ಹರಟೆ ಹೊಡೆಯುವವರು, ಎತ್ತು, ಎಮ್ಮೆ. ಪಟಕದ ಸುತ್ತು, ಸೀರೆಯ ನಿರಿಗೆ ಕೂಡ ತಪ್ಪಿಲ್ಲ. ಮಕ್ಕಳು ಹುಚ್ಚಾಗಿ ಓಡಾಡಿದರು. ನಾನಂತೂ ಒಂದೊಂದರ ಮುಂದೂ ನಿಂತೆ. ಕಟ್ಟೆ ಮೇಲಿನವರನ್ನು ಬಿಟ್ಟು ಕದಲಲು ಮನಸ್ಸೇ ಆಗಲಿಲ್ಲ. ಅಜ್ಜಿ ಮಾತ್ರ ಎಮ್ಮೆಯ ಮುಂದೆ ನಿಂತವಳು ಅದರ ಕೆಚ್ಚಲು, ಬೆನ್ನು, ಕೋಡು ಎಲ್ಲಾ ಪರೀಕ್ಷೆ ಮಾಡಿ ಕಾಕಾನ ಕಡೆ ತಿರುಗಿದಳು.

"ಟಿಕೀಟ್ ಎಷ್ಟೋ?"

ಕಾಕಾ ಹೇಳಿದ.

"ಮನ್ಯಾಗಿದ್ದ ಎಮ್ಮಿ, ಸಗಣಿ ಬಳ್ಯಾಕ ಯಾರೂ ಇಲ್ಲಂತ ಮಾರಿದಿ. ಈಗ ರೊಕ್ಕಾ ಕೊಟ್ಟು ಎಮ್ಮಿ ತೋರಸಾಕ ಕರಕೊಂಡ ಬಂದಿ. ಅದೂ ಹಿಂಡದ ಎಮ್ಮಿ."

ಕಾಕಾ ನೆರಳು ಹುಡುಕಿಕೊಂಡು ಹೋದ. ಮಕ್ಕಳು ಅದೇ ಎಮ್ಮೆಯ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅಜ್ಜಿಗೆ ಎಮ್ಮೆಯ ಕೊಟ್ಟಿಗೆ ಗೊತ್ತು, ಮೊಮ್ಮಕ್ಕಳಿಗೆ ಎಮ್ಮೆಯ ಪಾಕೀಟು ಗೊತ್ತು. ಅವರಿಗೆ ಇದೂ ದಾಂಡೇಲಿಯಷ್ಟೇ ಹೊಸದು. ಈ ಸೂಕ್ಷ್ಮವನ್ನು ಅಜ್ಜಿಗೆ ವಿವರಿಸಲು ಹೋದೆ. "ನೀನು ಸುಮ್ನ ರೊಟ್ಟಿ ಬಿಚ್ಚು" ಅಂದಳು.

ಗಿಡದ ಕೆಳಗೆ ಬುತ್ತಿ ಬಿಚ್ಚಿದೆವು. ಎರಡನೇ ರೊಟ್ಟಿಯ ಹೊತ್ತಿಗೆ ಅಜ್ಜಿಯ ಸಿಟ್ಟು ಇಳಿದಿತ್ತು, ಮುಂದಿನ ಟೂರನ್ನು ತಾನೇ ನಿಕ್ಕಿ ಮಾಡುತ್ತೇನೆ ಅಂದಳು.

"ಕಾರವಾರಕ್ಕ ಹೋಗೂಣು. ಸಮುದ್ರ ನಮ್ಮ ಮನ್ಯಾಗ ಎಂದೂ ಇದ್ದಿಲ್ಲ. ಅದಕ್ಕ ರೊಕ್ಕಾ ಕೊಟ್ರೂ ನಡೀತೈತಿ."

ಮಕ್ಕಳು ಹೋ ಅಂತ ಕೂಗಿದರು. ಕಾಕಾ ಆಗಲೇ ಯಾರಿಗೋ ಫೋನು ಹಚ್ಚಿ ಕೇಳುತ್ತಿದ್ದ, ಕಾರವಾರದಾಗ ನಮ್ಮ ಮಂದಿ ಯಾರರ ಅದಾರೇನು ಅಂತ.