ಬರತೈತಿ, ತಡೀರಿ

ನವಲಗುಂದದಲ್ಲಿ ಒಂದು ಕಂಪ್ಯೂಟರ್ ಅಂಗಡಿ. ಬೋರ್ಡಿನ ಮೇಲೆ ಕಂಪ್ಯೂಟರ್ ಅಂತಿದೆ. ಒಳಗೆ ಮಾರುವುದು ತಾರೀಖು.

2023ರ ದೀಪಾವಳಿಗೆ ಹೋಗಿದ್ದೆ. ಮಗಳು ಬಿ.ಕಾಂ. ಮೊದಲ ವರ್ಷ. ಕಡಲೆ ಮಾರಿದ ರೊಕ್ಕದಲ್ಲಿ ಇಷ್ಟು ತೆಗೆದಿಟ್ಟಿದ್ದೆ.

"ಈಗ ಬ್ಯಾಡ್ರಿ ಕಾಕಾ," ಅಂದ ಅಂಗಡಿ ಹುಡುಗ. "ಇದು ಇಂಟೆಲ್ ಪ್ರೊಸೆಸರಿನ ಹದಿನಾಲ್ಕನೇ ಜನರೇಶನ್. ಹದಿಮೂರಕ್ಕ ಹೊಸಾ ಚೀಟಿ ಹಚ್ಚ್ಯಾರ, ಅಷ್ಟ. ಮುಂದಿನದು ಬರತೈತಿ, ತಡೀರಿ."

ತಡೆದೆ. 2024ರ ಅಕ್ಟೋಬರ್ 24ಕ್ಕೆ ಮುಂದಿನದು ಬಂತು. ಆ್ಯರೋ ಲೇಕ್ ಅಂತ ಹೆಸರು. ಮತ್ತೆ ಹೋದೆ.

"ಗೇಮಿಗೆ ಹಿಂದಿನದಕಿಂತ ಮಂದ ಐತ್ರಿ ಕಾಕಾ. ನೋವಾ ಲೇಕ್ ಬರತೈತಿ, ತಡೀರಿ."

ನನ್ನ ಮಗಳು ಆಡುವ ಗೇಮಿನ ಹೆಸರು ಟ್ಯಾಲಿ.

ಅಂಗಡಿಯ ಮುಂದಿನ ಬೆಂಚಿನ ಮೇಲೆ ಮೂರು ಜನ ಪಂಡಿತರು ಸದಾ ಹಾಜರು. ಇಂಟೆಲ್ ಯಾವ ತಿಂಗಳು ಏನು ಬಿಡುತ್ತದೆ, ಎಎಂಡಿ ಅದಕ್ಕೆ ಯಾವ ವಾರ ಉತ್ತರ ಕೊಡುತ್ತದೆ, ತೈವಾನಿನ ಕಾರ್ಖಾನೆಯಲ್ಲಿ ಯಾರ ಪಾಳಿ ಮೊದಲು, ಎಲ್ಲವೂ ಬಾಯಿಪಾಠ. ಮೂವರ ಮನೆಯಲ್ಲೂ ಕಂಪ್ಯೂಟರ್ ಇಲ್ಲ. ಕೊಳ್ಳುವ ವಿಚಾರವೂ ಇಲ್ಲ. ಕೊಳ್ಳಲು ಬಂದವನನ್ನು ತಡೆಯುವುದೇ ಅವರ ಉದ್ಯೋಗ.

ಇಂಟೆಲ್‌ನವರಿಗೆ ಕೆರೆಯ ಹುಚ್ಚು. ಸ್ಕೈಲೇಕ್, ಕೇಬಿ ಲೇಕ್, ಕಾಫಿ ಲೇಕ್, ಕಾಮೆಟ್ ಲೇಕ್, ರಾಕೆಟ್ ಲೇಕ್, ಆಲ್ಡರ್ ಲೇಕ್, ರಾಪ್ಟರ್ ಲೇಕ್. ಕಾಫಿಗೂ ಒಂದು ಕೆರೆ ಕಟ್ಟಿದ್ದಾರೆ. ನಮ್ಮ ಕಡೆ ಬೋರ್ ಹೊಡೆದರೆ ಸವಳು ನೀರು. ಮಲಪ್ರಭಾ ಕಾಲುವೆಗೆ ನೀರು ಬಿಟ್ಟರೆ ಕೆರೆ ತುಂಬುತ್ತದೆ, ಕೆರೆ ತುಂಬಿದರೆ ಊರು ಕುಡಿಯುತ್ತದೆ. ಕಾಲುವೆಗೆ ಈ ಸಲ ನೀರು ಯಾವಾಗ ಬಿಡುತ್ತಾರೆ ಅಂತ ಬೆಂಚಿನವರನ್ನು ಕೇಳಿ ನೋಡಿ. "ಅದು ನಮಗ ಗೊತ್ತಿಲ್ರಿ." ಅಮೆರಿಕದ ಏಳು ಕೆರೆ ಗೊತ್ತು. ಊರ ಕೆರೆ ಗೊತ್ತಿಲ್ಲ.

ಇಷ್ಟಕ್ಕೂ ಆ ಕೆರೆಗಳ ಕಥೆಯೇನು? 2015ರಲ್ಲಿ ಸ್ಕೈಲೇಕ್ ಬಂತು. 14 ನ್ಯಾನೋಮೀಟರ್. ಈ ಅಂಕಿ ಸಣ್ಣದಾದಷ್ಟೂ ಛಲೋ ಅಂತ ಲೆಕ್ಕ. ಮುಂದಿನದು 10. ಅದು 2016ಕ್ಕೆ ಬರಬೇಕಿತ್ತು. ಇಲ್ಲ, 2017 ಅಂದರು. ಆಮೇಲೆ 2018, 2019. ಅಲ್ಲಿಯವರೆಗೆ ಅದೇ 14ಕ್ಕೆ ಒಂದು ಪ್ಲಸ್ ಹಚ್ಚಿದರು. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ಹಳೇ ಸ್ಲಿಪ್ಪರಿಗೆ ಹೊಸ ಉಂಗುಷ್ಟ ಹಾಕಿಸಿದ ಹಾಗೆ. 10 ಲ್ಯಾಪ್‌ಟಾಪಿಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 2019ರಲ್ಲಿ. ಡೆಸ್ಕ್‌ಟಾಪಿಗೆ ಬಂದದ್ದು 2021ರ ನವೆಂಬರ್‌ನಲ್ಲಿ.

ಬಂದಾಗ ಅದು 10 ಆಗಿರಲಿಲ್ಲ. ಅದೇ ವರ್ಷ ಜುಲೈನಲ್ಲಿ ಅದಕ್ಕೆ 'ಇಂಟೆಲ್ 7' ಅಂತ ಮರುನಾಮಕರಣ ಆಗಿತ್ತು. ಐದು ವರ್ಷ ತಡವಾದ ಪರೀಕ್ಷೆ ಬರೆಯುವ ಬದಲು ಹುಡುಗನ ತರಗತಿಯ ಬೋರ್ಡನ್ನೇ ಬದಲಿಸಿದರು. ನಮ್ಮ ರಾಜಕಾರಣಿಗಳು ಹಳೆಯ ಯೋಜನೆಗೆ ಹೊಸ ಹೆಸರಿಡುವುದನ್ನು ಇವರಿಂದ ಕಲಿತರೋ, ಇವರು ಅವರಿಂದಲೋ, ಸಂಶೋಧನೆ ಆಗಬೇಕು.

ಕಲಘಟಗಿಯ ತೊಟ್ಟಿಲು ಮಾಡುವವರು ಹದಿನೈದು ದಿನ ತಡ ಮಾಡಲಿ. ಬೀಗರು ಮನೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಬಣ್ಣ ಒಣಗಿಲ್ಲ ಅಂದರೆ ಯಾರೂ ಕೇಳುವುದಿಲ್ಲ. ಕೂಸು ತಡೆಯುವುದಿಲ್ಲವಲ್ಲ. ಹದಿನೈದು ದಿನಕ್ಕೆ ಆ ಬಡಿಗೇರ ಸುಳ್ಳ, ಕಳ್ಳ. ಐದು ವರ್ಷ ತಡ ಮಾಡಿದ ಕಂಪನಿಯದು ರೋಡ್‌ಮ್ಯಾಪ್. ಮಳೆ ಬಿದ್ದರೆ ಎರೆಹೊಲಕ್ಕೆ ಹೋಗಲು ರೋಡೇ ಇಲ್ಲದ ನಮಗೆ ಮ್ಯಾಪಿನ ಮೇಲೆ ಎಂಥ ಭಕ್ತಿ!

ಭಕ್ತಿಗೆ ಕಾರಣ ಇದೆ. ರೋಡ್‌ಮ್ಯಾಪ್ ಓದುವುದು ನಮ್ಮ ತಾಲೂಕಿಗೆ ಹೊಸದಲ್ಲ. ಮಲಪ್ರಭೆಗೆ ನೀರು ತರುವ ಕಳಸಾ ಬಂಡೂರಿ ಯೋಜನೆ ತಗೊಳ್ಳಿ. 2002ರ ಏಪ್ರಿಲ್‌ನಲ್ಲಿ ಕೇಂದ್ರದ ತಾತ್ವಿಕ ಒಪ್ಪಿಗೆ, ಅದೇ ಸೆಪ್ಟೆಂಬರ್‌ನಲ್ಲಿ ತಡೆ. 2010ರಲ್ಲಿ ನ್ಯಾಯಾಧಿಕರಣ. 2016ರ ಜುಲೈನಲ್ಲಿ ಮಧ್ಯಂತರ ಅರ್ಜಿ ವಜಾ, ಬೆನ್ನಿಗೇ ಯಮನೂರಿನಲ್ಲಿ ಲಾಠಿ. 2018ರ ಆಗಸ್ಟ್ 14ಕ್ಕೆ ತೀರ್ಪು, ರಾಜ್ಯಕ್ಕೆ 13.42 ಟಿಎಂಸಿ. 2020ರಲ್ಲಿ ಗೆಜೆಟ್. 2022ರ ಡಿಸೆಂಬರ್‌ನಲ್ಲಿ ಪರಿಷ್ಕೃತ ಡಿಪಿಆರ್‌ಗೆ ಒಪ್ಪಿಗೆ. ಒಪ್ಪಿಗೆ ಸಿಕ್ಕ ಪ್ರತಿ ಸಲವೂ ಹಾರ, ಪೇಢೆ. ಇಷ್ಟು ತಾಲೀಮು ಆದ ಊರಿನ ಹುಡುಗರಿಗೆ ನೋವಾ ಲೇಕ್ ಯಾವ ಲೆಕ್ಕ?

2024ರ ಮಳೆಗಾಲದಲ್ಲಿ ಒಂದು ತಮಾಷೆ ನಡೆಯಿತು. ಎಎಂಡಿ ತನ್ನ ರೈಜನ್ 9000 ಜುಲೈ 31ಕ್ಕೆ ಅಂದಿತ್ತು. ಮೊದಲ ಸರಕು ನಮ್ಮ ಮಟ್ಟಕ್ಕಿಲ್ಲ ಅಂತ ತಾನೇ ಒಪ್ಪಿಕೊಂಡು, ಆಗಸ್ಟ್ 8ಕ್ಕೆ ಕೆಲವು, 15ಕ್ಕೆ ಕೆಲವು ಅಂತ ಮುಂದಕ್ಕೆ ಹಾಕಿತು. ಒಂದೆರಡು ವಾರ. ಬೆಂಚಿನವರು ಮೂರು ದಿನ ಉಗಿದರು. "ಎಎಂಡಿ ಕಥಿ ಮುಗೀತು!" ಅದೇ ಹೊತ್ತಿಗೆ, ಹೇಳಿದ ದಿನಕ್ಕೆ ಬಂದಿದ್ದ ಇಂಟೆಲ್‌ನ 13 ಮತ್ತು 14ನೇ ಜನರೇಶನ್ ಚಿಪ್‌ಗಳು ಹೆಚ್ಚಿನ ವೋಲ್ಟೇಜ್ ತಿಂದು ಕುಸಿಯುತ್ತಿದ್ದವು. ಕಂಪನಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಬೇಕಾಯಿತು. ತಪ್ಪು ಕಂಡು ನಿಲ್ಲಿಸಿದವನಿಗೆ ಉಗುಳು. ಕೆಟ್ಟದ್ದನ್ನು ವೇಳೆಗೆ ಸರಿಯಾಗಿ ಕೊಟ್ಟವನಿಗೆ ಶಹಬ್ಬಾಸ್.

ನಮ್ಮ ಸರ್ಕಾರ ಹಿಂದೆ ಬೀಳುತ್ತದೆಯೇ? 2021ರ ಡಿಸೆಂಬರ್‌ನಲ್ಲಿ ಕೇಂದ್ರ ಚಿಪ್ಪಿಗಾಗಿ 76,000 ಕೋಟಿ ಘೋಷಿಸಿತು. 2022ರ ಮೇ 1ರಂದು ನಮ್ಮ ರಾಜ್ಯ ಐಎಸ್‌ಎಂಸಿ ಎಂಬ ಕಂಪನಿಯ ಜೊತೆ ಸಹಿ ಹಾಕಿತು. ಮೈಸೂರಿನಲ್ಲಿ 22,900 ಕೋಟಿಯ ಕಾರ್ಖಾನೆ, 1,500 ನೌಕರಿ. ಫೋಟೋ ಛಲೋ ಬಂದಿತ್ತು. ಐಎಸ್‌ಎಂಸಿಗೆ ತಂತ್ರಜ್ಞಾನ ಕೊಡಬೇಕಿದ್ದದ್ದು ಇಸ್ರೇಲಿನ ಟವರ್. ಟವರ್ ಅನ್ನೇ ಕೊಳ್ಳುತ್ತೇನೆ ಅಂತ ಆ ಫೆಬ್ರವರಿಯಲ್ಲೇ ಹೇಳಿ ಕೂತಿದ್ದದ್ದು ಯಾರು? ಇಂಟೆಲ್. ಆ ವ್ಯವಹಾರ ಮುಗಿಯುವ ತನಕ ಮೈಸೂರು ತಡೆಯಬೇಕಾಯಿತು. 2023ರ ಆಗಸ್ಟ್‌ನಲ್ಲಿ ವ್ಯವಹಾರವೇ ಮುರಿಯಿತು. ಮೈಸೂರಿಗೆ ಚಿಪ್ಪು ಸಿಕ್ಕಿತು. ತೆಂಗಿನದು.

2025ರ ಸೆಪ್ಟೆಂಬರ್ 2ರಂದು ದಿಲ್ಲಿಯಲ್ಲಿ ಪ್ರಧಾನಿಯ ಕೈಗೆ ವಿಕ್ರಮ್ ಎಂಬ ಸ್ವದೇಶಿ ಪ್ರೊಸೆಸರ್ ಕೊಟ್ಟರು. 32 ಬಿಟ್, ಮೊಹಾಲಿಯಲ್ಲಿ ಮಾಡಿದ್ದು. ಅದು ಇಸ್ರೋದ ರಾಕೆಟ್ಟಿಗೆ ಮಾಡಿದ್ದು. ರಾಕೆಟ್ಟಿಗೆ ಅದು ಬೇಕು, ಮಾಡಿದವರಿಗೆ ನಮಸ್ಕಾರ. ಆದರೆ ಮರುದಿನ ಬೆಂಚಿನ ಮೇಲೆ ಹೊಸ ತಾರೀಖು ಹುಟ್ಟಿತ್ತು. "ಇನ್ನ ನಮ್ಮದ ಪ್ರೊಸೆಸರ್ ಬರತೈತಿ ಕಾಕಾ, ಇಂಟೆಲ್ ಯಾಕ?"

ಒಂದೇ ಒಂದು ತಾರೀಖು ತಪ್ಪಲಿಲ್ಲ. 2025ರ ಅಕ್ಟೋಬರ್ 14. ಮೊದಲೇ ಸಾರಿದ ದಿನಕ್ಕೆ ಸರಿಯಾಗಿ ಮೈಕ್ರೋಸಾಫ್ಟ್ ವಿಂಡೋಸ್ 10ರ ಕೈಬಿಟ್ಟಿತು. ಹೊಸ ವಿಂಡೋಸ್ ಬೇಕೆಂದರೆ ಇಂಟೆಲ್‌ನ ಎಂಟನೇ ಜನರೇಶನ್ ಆದರೂ ಇರಬೇಕು. ಮಗಳ ಕಾಲೇಜಿನ ಲ್ಯಾಬಿನದು ಆರನೆಯದು. 2016ರ ಸ್ಕೈಲೇಕ್. ಇನ್ನೂ ಓಡುತ್ತದೆ, ಆದರೆ ಅರ್ಹತೆ ಇಲ್ಲವಂತೆ. ಕೊಡುವ ದಿನ ಎಷ್ಟು ಬೇಕಾದರೂ ಜಾರಬಹುದು. ಕಸಿಯುವ ದಿನ ಮಾತ್ರ ಪಂಚಾಂಗದ ಗ್ರಹಣ.

ಮೊನ್ನೆ ಸಿಟ್ಟು ನೆತ್ತಿಗೇರಿಸಿಕೊಂಡೇ ಹೋದೆ. ಮಗಳ ಬಿ.ಕಾಂ. ಮುಗಿಯುತ್ತ ಬಂದಿದೆ. ಮೂರು ವರ್ಷ ಕಾಲೇಜಿನ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ನಾಲ್ಕು ಹುಡುಗಿಯರಂತೆ ಕೂತು ಟ್ಯಾಲಿ ಕಲಿತಳು.

"ಯಾವ ಕೆರೀದರ ಕೊಡಪಾ," ಅಂದೆ. "ಇವತ್ತ ಒಯ್ತೀನಿ."

ಹುಡುಗ ಕ್ಯಾಲ್ಕುಲೇಟರ್ ಒತ್ತಿದ. ಪ್ರೊಸೆಸರ್ ತುಸು ಇಳಿದಿತ್ತು. ರ‍್ಯಾಮ್ ಆಕಾಶದಲ್ಲಿತ್ತು. ಎಐ ಡೇಟಾ ಸೆಂಟರ್‌ಗಳು ಜಗತ್ತಿನ ಮೆಮೊರಿಯನ್ನೆಲ್ಲ ಎಳೆದುಕೊಳ್ಳುತ್ತಿವೆಯಂತೆ. ಮೂರು ವರ್ಷದ ಹಿಂದಿನ ರೊಕ್ಕ ಈಗ ಸಾಲುವುದಿಲ್ಲ.

"ಆವಾಗ ತಗೊಂಡಿದ್ರ ಛಲೋ ಇತ್ತರೀ ಕಾಕಾ."

ಬೇಡ ಅಂದವನು ಇವನೇ. ಮುಖದ ಮೇಲೆ ಒಂದು ಗೆರೆ ಅಲುಗಲಿಲ್ಲ.

"ಈಗೇನ ಮಾಡ್ಲೊ?"

ಬೆಂಚಿನ ಮೇಲಿಂದ ಮೂರೂ ಬಾಯಿ ಒಟ್ಟಿಗೆ ತೆರೆದವು.

"ರೇಟ್ ಇಳೀತೈತ್ರಿ. ತಡೀರಿ."