ಹುಳುವಿನ ಆತ್ಮಕಥೆ

ಶಾಲೆಗಳ ಪ್ರತಿಭಾ ಕಾರಂಜಿ ಸ್ಪರ್ಧೆ ಬಂತೆಂದರೆ ನಮ್ಮ ಕಡೆಯ ಮಕ್ಕಳ ಪೆನ್ಸಿಲ್ಲಿಗೆ ಪುರುಸೊತ್ತಿಲ್ಲ. ಹುಟ್ಟೂರು ಮುದ್ದೇನಹಳ್ಳಿ ಪಕ್ಕದಲ್ಲೇ ಇರುವುದರಿಂದ ಚಿಕ್ಕಬಳ್ಳಾಪುರದ ಪ್ರಬಂಧಗಳಿಗೆಲ್ಲ ವಿಶ್ವೇಶ್ವರಯ್ಯನವರೇ ದಿಕ್ಕು. ಗೌರಿಬಿದನೂರಿನ ಭಾಷಣಕ್ಕೆ 1938ರ ವಿದುರಾಶ್ವತ್ಥ ಗೋಲಿಬಾರ್ ಇದೆ. ಚಿಂತಾಮಣಿಯ ಪೋರ ಪತ್ರಲೇಖನದಲ್ಲಿ ‘ತೀರ್ಥರೂಪು ತಂದೆಯವರಿಗೆ’ ಎಂದವನೇ ಸೀದಾ ಟೊಮೆಟೊ ರೇಟಿಗೆ ಇಳಿಯುತ್ತಾನೆ. (ಅಪ್ಪನೂ ಕೇಳುವುದು ಅದನ್ನೇ ಅನ್ನಿ.)

ಶಿಡ್ಲಘಟ್ಟದ್ದು ಆತ್ಮಕಥೆ, ಅದೂ ರೇಷ್ಮೆಹುಳುವಿನದು: ಹಿಪ್ಪುನೇರಳೆ ಸೊಪ್ಪು ತಿಂದೆ, ಪೊರೆ ಕಳಚುವ ನಾಲ್ಕು ಜ್ವರ ದಾಟಿದೆ, ಗೂಡು ಕಟ್ಟಿದೆ, ಮಾರ್ಕೆಟ್ಟಿನಲ್ಲಿ ಹರಾಜಾದೆ, ಬಿಸಿನೀರಲ್ಲಿ ಬೆಂದೆ. ಇಷ್ಟು ಏರಿಳಿತ ಯಾವ ಕಾದಂಬರಿಯಲ್ಲಿದೆ?

ಹಿಂದಿನ ಬೆಂಚಿನಿಂದ ತಕರಾರು: “ಮಿಸ್, ಬೆಂದ ಮೇಲೆ ಹುಳ ಹೆಂಗೆ ಬರೀತು?”

“ಕಡೇ ಸಾಲು ನೂಲು ಬಿಚ್ಚೋರು ಬರೆದರು ಅಂತ ಹಾಕೋ!”

“ಹಂಗಾದ್ರೆ ಮಾರ್ಕ್ಸು ಅವರಿಗಾ ಮಿಸ್?”