ನೂರೈವತ್ತೊಂದನೇ ಡಾಲರು

ಅಮೆರಿಕದ ಫ್ರೀಮಾಂಟಿನ ಇಂಡಿಯನ್ ಅಂಗಡಿಗಳಲ್ಲಿ ಊದುಬತ್ತಿಯ ಪಕ್ಕದಲ್ಲೇ ಮದುವೆ ಕವರುಗಳೂ ಸಿಗುತ್ತವೆ. ಮೇಲೆ ಬಂಗಾರದ ಬಣ್ಣದ ಗಣಪತಿ, ಮೂಲೆಯಲ್ಲಿ ಅಂಟಿಸಿದ ಒಂದು ರೂಪಾಯಿ ನಾಣ್ಯ. ಒಳಗೆ ನೂರು ಡಾಲರ್ ಇಟ್ಟರೆ ನೂರಾ ಒಂದಾಯಿತು ಅಂತ ಹದಿನೈದು ವರ್ಷ ನಂಬಿಕೊಂಡಿದ್ದೆ. ‘ಅಪ್ಪಾ, ಆ ರೂಪಾಯಿಗೆ ಇಲ್ಲಿ ಒಂದು ಸೆಂಟು. ನೀನು ಕೊಟ್ಟಿದ್ದು ನೂರು ಡಾಲರ್ ಒಂದು ಸೆಂಟು’ ಎಂದು ಮಾನ ಕಳೆದವನು ನನ್ನ ಮಗ. ಡಾಲರ್ ನಾಣ್ಯವೂ ಉಂಟು, 2000ದಿಂದ ಬಂಗಾರದ ಬಣ್ಣದ್ದೇ ಬರುತ್ತಿದೆ. ಆದರೆ ಅದು ಕೈಗೆ ಸಿಗುವುದು ಗ್ರಹಣಕ್ಕೊಮ್ಮೆ.

ಈಗ ಕವರೇ ಬೇಡವಾಗಿದೆ. ಮೊನ್ನೆ ಸ್ನೇಹಿತರ ಮಗಳ ಮದುವೆ, ಹುಡುಗ ಅಮೆರಿಕನ್. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಹಾಕಿದರೆ ಅದನ್ನು ಹೇಗೆ ಓದಿಕೊಳ್ಳಬೇಕೆಂದು ಎಲ್ಲರಿಗೂ ಗೊತ್ತು. ಈ ಮಕ್ಕಳಿಗೆ ಆ ಸಂಕೋಚವೂ ಇಲ್ಲ. ಮನೆಯಲ್ಲಿ ಸಾಮಾನು ತುಂಬಿದೆ, ಹನಿಮೂನ್ ಫಂಡಿಗೆ ಹಾಕಿ ಎಂದು ವೆಬ್‌ಸೈಟಿನಲ್ಲಿ ಹೋಟೆಲ್ ಮೆನುವಿನಂತೆ ಪಟ್ಟಿ ಕೊಟ್ಟಿದ್ದರು. ಹವಾಯಿಯಲ್ಲಿ ಸಮುದ್ರದ ದಡದ ಊಟಕ್ಕೆ ಇಷ್ಟು, ಮಸಾಜಿಗೆ ಇಷ್ಟು. ಮಸಾಜಿಗೆ ದುಡ್ಡು ಕೊಟ್ಟು ಆಮೇಲೆ ಆ ಹುಡುಗಿಯ ಅಪ್ಪನ ಮುಖ ನೋಡುವುದು ಹೇಗೆ? ಸ್ನಾರ್ಕೆಲಿಂಗ್ ಆರಿಸಿದೆ. ಒಬ್ಬರಿಗೆ 75 ಡಾಲರ್, ಇಬ್ಬರಿಗೆ 150.

‘ಸೊನ್ನೆಗೆ ಮುಗಿಸ್ತಾರೇನ್ರೀ ಯಾರಾದ್ರೂ? ಮೇಲೊಂದು ಹಾಕಿ’ ಅಂದಳು ನನ್ನಾಕೆ. ಆ ಒಂದಕ್ಕೆ ವೆಬ್‌ಸೈಟಿನಲ್ಲಿ ಜಾಗವಿರಲಿಲ್ಲ. ಫೋನಿನಲ್ಲೇ ದುಡ್ಡು ಕಳಿಸುವ ವೆನ್ಮೋ ಆ್ಯಪಿನಲ್ಲಿ ಹುಡುಗಿಗೇ ಕಳಿಸಿ ‘ಮದುವೆಗೆ’ ಎಂದು ಬರೆದೆ.

ವೆನ್ಮೋದಲ್ಲಿ ಯಾರು ಯಾರಿಗೆ ಯಾತಕ್ಕೆ ಕೊಟ್ಟರು ಎನ್ನುವುದು, ಸೆಟ್ಟಿಂಗ್ ಬದಲಿಸದಿದ್ದರೆ, ಊರಿಗೆಲ್ಲ ಕಾಣುತ್ತದೆ. ಎಷ್ಟು ಎನ್ನುವುದು ಮಾತ್ರ ಕಾಣದು. ನಮ್ಮೂರಿನಲ್ಲಿ ಮುಯ್ಯಿ ಕೂಗುತ್ತಿದ್ದ ಮೈಕಿನವನು ಇದಕ್ಕೆ ತದ್ವಿರುದ್ಧ: ಹೆಸರು ತಪ್ಪು ಕೂಗಿದರೂ ಮೊತ್ತ ತಪ್ಪುತ್ತಿರಲಿಲ್ಲ. ಎರಡು ದಿನ ನನಗೆ ಭಾರಿ ಮರ್ಯಾದೆ. ‘ಜೋರಾಗೇ ಓದಿಸಿದೀರಂತೆ!’ ಎಂದರು ಕನ್ನಡ ಕೂಟದ ಗೆಳೆಯರೊಬ್ಬರು. ಮೂರನೇ ದಿನ ಹುಡುಗಿ ಡಾಲರನ್ನು ವಾಪಸ್ ಕಳಿಸಿದಳು. ಕೆಳಗೆ ಒಂದು ಸಾಲು: ‘ಅಂಕಲ್, ಈ ಒಂದು ಡಾಲರ್ ತಪ್ಪಿ ಬಂದಿರಬೇಕು.’ ಅದೂ ಊರಿಗೆಲ್ಲ ಕಂಡಿತು.

ಹಾಸನದಿಂದ ಅಮ್ಮನ ಫೋನು. 1996ರ ನಮ್ಮ ಮದುವೆಯ ಮುಯ್ಯಿ ಪುಸ್ತಕ ಇನ್ನೂ ಅವಳ ಟ್ರಂಕಿನಲ್ಲಿದೆ. ಏಳು ಗೋಡೆ ಗಡಿಯಾರ, ಒಂಬತ್ತು ಲೆಮನ್ ಸೆಟ್, ಎಲ್ಲ ಹೆಸರು ಸಮೇತ.

‘ಆ ಹುಡುಗಿಯ ಅಜ್ಜಿ ನಿನಗೆ ಲೆಮನ್ ಸೆಟ್ ಓದಿಸಿದ್ರು ಕಣೋ. ನೀನೇನು ಕೊಟ್ಟೆ?’

‘ಗಂಡ ಹೆಂಡತಿ ಸಮುದ್ರದಲ್ಲಿ ಮುಳುಗೋದಕ್ಕೆ ದುಡ್ಡು ಕೊಟ್ವಿ ಅಮ್ಮಾ.’

‘ಶುಭಕಾರ್ಯದಲ್ಲಿ ಎಂಥ ಮಾತೋ! ಬಿಡ್ತು ಅನ್ನು!’

ಬಿಡ್ತು ಅಂದೆ. ಆದರೆ ಪುಸ್ತಕದಲ್ಲಿ ಏನೆಂದು ಬರೆಯುವುದು? ಅಮ್ಮನಿಗೆ ಅದೊಂದು ಕೊರಗಾಗಿಬಿಟ್ಟಿತು. ತಿಂಗಳಾದ ಮೇಲೆ ಹವಾಯಿಯಿಂದ ಫೋಟೋ ಬಂತು. ನೀರಿನೊಳಗೆ ಗಾಜಿನ ಮುಖವಾಡ ಹಾಕಿದ ಇಬ್ಬರು, ನಡುವೆ ಒಂದು ದೊಡ್ಡ ಕಡಲಾಮೆ. ‘ಇದು ನಿಮ್ಮ ಉಡುಗೊರೆ’ ಎಂದು ಬರೆದಿದ್ದರು. ಅಮ್ಮನಿಗೆ ವಾಟ್ಸಾಪ್ ಮಾಡಿದೆ.

ಲೆಮನ್ ಸೆಟ್ಟಿನ ಎದುರು ‘ಆಮೆ, ಒಂದು’ ಎಂದು ಬರೆದು ಕೆಂಪು ಗೆರೆ ಎಳೆದಳಂತೆ.